ಆ ನಗುವಿನ ಬಗ್ಗೆ

ಹುಬ್ಬಳ್ಳಿ

ಚಿ. ಮಗಳಿಗೆ ಕಾಕಾನ ಆಶೀರ್ವಾದಗಳು.

ನಿನ್ನ ಪತ್ರದಲ್ಲಿ ಉಳಿದದ್ದನ್ನೆಲ್ಲ ಒಮ್ಮೆ ಓದಿದೆ; ಕಡೆಯ ನಾಲ್ಕು ಸಾಲು ಎಷ್ಟು ಸಲ ಓದಿದೆನೋ ಲೆಕ್ಕ ಇಲ್ಲ. ನಿನ್ನ ಆರನೇ ಇಯತ್ತೆಯ ಹುಡುಗರನ್ನು ಇಳಕಲ್ ಸೀರೆ ನೇಯುವ ಮಗ್ಗದ ಮನೆಗೆ ಕರಕೊಂಡು ಹೋಗಿ, “ದೊಡ್ಡವರಾದ ಮ್ಯಾಲೆ ಯಾರ್ಯಾರು ನೇಯ್ತೀರಿ, ಕೈ ಎತ್ತರಿ” ಅಂದಿ. ಒಂದು ಕೈಯೂ ಮೇಲೇಳಲಿಲ್ಲ, ಆ ಮನೆಯ ಹುಡುಗನದೂ. ಮಗ್ಗದ ಕೆಳಗಿನ ಕುಣಿಯಲ್ಲಿ ಕಾಲಿಟ್ಟು ಕೂತಿದ್ದ ಅವರಪ್ಪ ನಕ್ಕರು. “ಅವರ ಮನ್ಯಾಗ ನಿಂತು ಅವರಿಗೇ ಅಪಮಾನ ಮಾಡಿ ಬಂದೆನೇನೋ ಕಾಕಾ” ಅಂತ ಬರೆದಿದ್ದೀ.

ಆ ನಗು ನನಗೆ ಗೊತ್ತು. ಅದಕ್ಕೇ ರಾತ್ರಿ ನಿದ್ದೆ ಹತ್ತಲಿಲ್ಲ.

ಅಜ್ಜನ ಮಗ್ಗದ ಕತೆ ನಿನಗೆ ಗೊತ್ತಿದ್ದದ್ದೇ, ಅದು ಬೇಡ. ಇದನ್ನು ಮಾತ್ರ ನಿಮ್ಮಪ್ಪನಿಗೂ ಹೇಳಿಲ್ಲ. ಹೈಸ್ಕೂಲಿನ ಅರ್ಜಿಯಲ್ಲಿ ‘ತಂದೆಯ ಉದ್ಯೋಗ’ ಅನ್ನುವ ಕಡೆ ನಾನು ‘ವ್ಯಾಪಾರ’ ಅಂತ ಬರೆದು ಸಹಿಗೆ ಒಯ್ದೆ. ವ್ಯಾಪಾರ ಮಾಡಲಿಕ್ಕೆ ನಮ್ಮದು ಅಂತ ಏನಿತ್ತು? ನೂಲು ಸಾವ್ಕಾರರದು, ನೇಯ್ದ ಸೀರೆಯೂ ಸಾವ್ಕಾರರದು, ನಮ್ಮದು ಮಜೂರಿ ಅಷ್ಟೇ. ಅಪ್ಪ ಆಗ ಕೊಂಡಿ ಹಾಕುತ್ತಿದ್ದರು. ಸೀರೆಯ ಮೈಯ ಹಾಸಿನ, ಅಂದರೆ ಉದ್ದನೂಲಿನ, ಒಂದೊಂದು ಎಳೆಗೂ ಸೆರಗಿನ ರೇಷ್ಮೆಯ ಎಳೆ ಸಿಗಿಸುತ್ತ ಹೋಗುವ ಕೆಲಸ, ಒಂದೂ ಬಿಡುವಂತಿಲ್ಲ. ಹರಿದ ಎಳೆಯನ್ನು ಬೆರಳ ತುದಿಯಲ್ಲೇ ಹಿಡಿಯುವ ಮನುಷ್ಯ ಆ ಒಂದು ಶಬ್ದವನ್ನು ದಾಟಿ ಹೋದಾರೇ? ನಿಧಾನ ಓದಿದರು. ನಕ್ಕರು. ಸಹಿ ಮಾಡಿದರು.

ಇಳಕಲ್ ಸೀರೆಗೆ ಜಿಐ ಟ್ಯಾಗ್, ಅಂದರೆ ಇದು ಈ ಸೀಮೆಯದೇ ಅನ್ನುವ ಸರಕಾರಿ ಗುರುತು, ಬಂದಾಗ ಆಫೀಸಿನಲ್ಲಿ ಪೇಡೆ ಹಂಚಿ, “ನಮ್ಮದು ನೇಕಾರರ ಮನೆತನ” ಅಂತ ಎದೆಯುಬ್ಬಿಸಿ ಹೇಳಿದೆ. ಅಪ್ಪ ತೀರಿ ಅಷ್ಟೊತ್ತಿಗೆ ಹನ್ನೊಂದು ವರ್ಷ.

ಇನ್ನು ನಿನ್ನ ಹೆದರಿಕೆ. ಹುಡುಗ ನಾಚಿಕೆಯಿಂದಲೇ ಕೈ ಎತ್ತಲಿಲ್ಲ ಅಂತ ಯಾಕೆ ಅಂದುಕೊಳ್ಳುತ್ತೀ? “ಈ ಕುಣಿ ನಿನಗ ಬ್ಯಾಡ” ಅಂತ ಅವರಪ್ಪನೇ ದಿನಾ ಹೇಳುತ್ತಿರಬಹುದು. ಹಾಗಿದ್ದರೆ ಆ ನಗು ಬೇರೆಯೇ ಆಯಿತು. ಇದು ನಿನ್ನನ್ನು ಸಮಾಧಾನ ಮಾಡಲಿಕ್ಕೆ ಹೇಳುತ್ತಿದ್ದೇನೋ, ನನ್ನನ್ನೋ, ಗೊತ್ತಿಲ್ಲ.

ಮಾಸ್ತರಿಕೆ ನನ್ನ ಕಸುಬಲ್ಲ, ತಪ್ಪಿದ್ದರೆ ಬಿಡು. ಆದರೂ ಆ ಪ್ರಶ್ನೆ ಇನ್ನೊಮ್ಮೆ ಕೇಳಬೇಡ. ಯಾರಾಗುತ್ತೀರಿ ಅನ್ನುವ ಬದಲು ಹೇಗೆ ಮಾಡುತ್ತಾರೆ ಅಂತ ಕೇಳಿಸು: ಸೆರಗಿಗೆ ತೋಪು ತೆನಿಯ ಚಿತ್ತಾರ ಹೇಗೆ ಬರುತ್ತದೆ, ದಡಿಯ ನಮೂನೆ ಚಿಕ್ಕಿಪಾರಸೋ ಗೋಮಿಯೋ, ಒಂದು ಸೀರೆಗೆ ಎಷ್ಟು ದಿನ, ಕೈಗೆ ಎಷ್ಟು ಬರುತ್ತದೆ. ಮೂಲೆಯಲ್ಲಿ ಲಾಳಿಗೆ ನೂಲಿನ ಕಂಡಿಕೆ ಸುತ್ತುತ್ತ ಕೂತ ಹೆಣ್ಣುಮಗಳನ್ನೂ ಮಾತಾಡಿಸಲಿ. ನಮ್ಮವ್ವನ ಕೆಲಸವನ್ನು ಯಾವ ಅರ್ಜಿಯೂ ಕೇಳಲಿಲ್ಲ ನೋಡು. ಗ್ರಾನೈಟ್ ಕ್ವಾರಿಗೆ ಹೋಗುವವರ ಮಕ್ಕಳೂ ನಿನ್ನ ವರ್ಗದಲ್ಲಿ ಇದ್ದಾರು, ಅವರ ಸರದಿಯೂ ಬರಲಿ. ಹುಡುಗರನ್ನು ಐದೈದು ಮಂದಿ ಮಾಡಿ ಕರೆದೊಯ್ಯಿ. ಸೀರೆ ಲೆಕ್ಕದ ಮಜೂರಿಯಲ್ಲಿ ಲಾಳಿ ಒಂದು ತಾಸು ನಿಂತರೆ ಅವರಿಗೇ ಲುಕ್ಸಾನು.

2020ರ ಶಿಕ್ಷಣ ನೀತಿಯಲ್ಲಿ 6ರಿಂದ 8ನೇ ಇಯತ್ತೆಯವರಿಗೆ ಚೀಲವಿಲ್ಲದ 10 ದಿನ ಅಂತ ಇದೆಯಲ್ಲ, ಅದನ್ನು ಓದಿದೆ. ಬಡಿಗ, ಮಾಲಿ, ಕುಂಬಾರ, ಕಲಾವಿದ ಅಂತ ಬರೆದಿದ್ದಾರೆ. ನೇಕಾರ ‘ಇತ್ಯಾದಿ’ಯೊಳಗೆ ಇದ್ದಾನೆ.

ಮತ್ತೆ ಅದೇ ನಗುವಿಗೆ ಬರುತ್ತೇನೆ. ಅಪ್ಪನನ್ನು ನಾನು ಕೇಳಬೇಕಿತ್ತು, ಕೇಳಲಿಲ್ಲ. ನಿನ್ನ ನೇಕಾರರು ಅಲ್ಲೇ ಎರಡು ಓಣಿ ಆಚೆ ಇದ್ದಾರೆ. ಹುಡುಗರನ್ನು ಬಿಟ್ಟು ಒಬ್ಬಳೇ ಹೋಗು. ಮಧ್ಯಾಹ್ನ ಊಟದ ಹೊತ್ತಿಗೆ ಹೋದರೆ ಚಲೋ, ಮಗ್ಗ ಹೇಗೂ ನಿಂತಿರುತ್ತದೆ. ಏನಂದರು ಅಂತ ನನಗೂ ಬರೆ.

ನಿನ್ನ
ಕಾಕಾ