ಕೈ ನೋಡುತ್ತಾ ನಿಂತಿದ್ದೆ

ತಿಪಟೂರು
ಏಪ್ರಿಲ್ 2024

ಪುಟ್ಟಿ,

ಭಾನುವಾರ ನೀನು ಫೋನ್ ಇಟ್ಟುಬಿಟ್ಟೆ. ಇಟ್ಟಿದ್ದೇ ಸರಿ. ಅಮೆರಿಕದಲ್ಲಿ ಕೆಲಸ ಮಾಡೋ ಎಚ್-1ಬಿ ವೀಸಾದ ಲಾಟರಿಯಲ್ಲಿ ಮೂರನೇ ಸಲವೂ ಹೆಸರು ಬರಲಿಲ್ಲ ಅಂತ ನೀನು ಅಂದರೆ, ನಾನು 'ಅರ್ಜಿ ಸರಿಯಾಗಿ ತುಂಬಿದ್ಯಾ?' ಅಂದೆ. ಸಾಲದ್ದಕ್ಕೆ ತೋಟದ ಸಾಲದ ಮಾತನ್ನೂ ತೆಗೆದೆ. ಆಮೇಲೆ ಪಕ್ಕದ ಮನೆ ಹುಡುಗ ಬಿಡಿಸಿ ಹೇಳಿದ. ವರ್ಷಕ್ಕೆ 85,000 ವೀಸಾ, ಅದರಲ್ಲಿ 20,000 ಅಲ್ಲೇ ಮಾಸ್ಟರ್ಸ್ ಓದಿದವರಿಗೆ. ಹೋದ ವರ್ಷ ಬಂದ ಅರ್ಜಿ 7 ಲಕ್ಷ 80 ಸಾವಿರ. ಆರಿಸೋದು ಕಂಪ್ಯೂಟರ್. ನಿನ್ನ ಮಾರ್ಕ್ಸನ್ನೂ ಅದು ನೋಡಲ್ಲವಂತೆ, ಕೆಲಸವನ್ನೂ ನೋಡಲ್ಲವಂತೆ.

ಅವತ್ತಿಂದ ಚೆನ್ನೈ ನೆನಪಾಗ್ತಿದೆ. 2019ರ ಜುಲೈ, ಜೆಮಿನಿ ಫ್ಲೈಓವರ್ ಹತ್ತಿರದ ಅಮೆರಿಕನ್ ಕಾನ್ಸುಲೇಟ್, ನಿನ್ನ ವೀಸಾ ಸಂದರ್ಶನ. ಒಳಗೆ ಫೋನ್ ಬಿಡಲ್ಲ ಅಂತ ನಿನ್ನ ಫೋನು ನನ್ನ ಜೇಬಲ್ಲಿ. ಅಮ್ಮ ಏಳು ಸಲ ಮಾಡಿದಳು, ನಾನು ಎತ್ತಲಿಲ್ಲ. ಪಕ್ಕದಲ್ಲಿ ದಾವಣಗೆರೆಯವರೊಬ್ಬರು ನಿಂತಿದ್ದರು. 'ವೀಸಾ ಆದರೆ ಪಾಸ್‌ಪೋರ್ಟ್ ಒಳಗೇ ಇಟ್ಕೋತಾರೆ ಸಾರ್, ಕೈಯಲ್ಲಿ ಹಿಡಿದು ಬಂದರೆ ಆಗಿಲ್ಲ ಅಂತ' ಅಂದರು. ಎರಡು ಗಂಟೆ ನಾನು ಯಾರ ಮುಖವನ್ನೂ ನೋಡಲಿಲ್ಲ, ಬರೀ ಕೈ ನೋಡಿದೆ. ಅವರ ಮಗಳು ಮೊದಲು ಬಂದಳು. ಕೈಯಲ್ಲಿ ಪಾಸ್‌ಪೋರ್ಟ್. ಅವರು ಕೇಳಿದ್ದು, 'ಉತ್ತರ ಸರಿಯಾಗಿ ಹೇಳಿದ್ಯಾ?' ಆ ಹುಡುಗಿ ಮಾತಾಡದೆ ನೀರಿನ ಬಾಟಲಿ ತೆಗೆದುಕೊಂಡಳು. ಎಂಥಾ ಅಪ್ಪ ಅಂದುಕೊಂಡೆ ನಾನು.

ಭಾನುವಾರ ಅದೇ ಮಾತು ನನ್ನ ಬಾಯಲ್ಲಿ ಬಂತು.

ಅವತ್ತು ಚೆನ್ನೈಯಲ್ಲಿ ನೀನು ಹೊರಗೆ ಬಂದಾಗ ಫೈಲನ್ನು ಎದೆಗೆ ಅವುಚಿಕೊಂಡಿದ್ದೆ. ಪಾಸ್‌ಪೋರ್ಟ್ ಅದರೊಳಗಿದೆಯೋ ಇಲ್ಲವೋ ಗೊತ್ತಾಗಲಿಲ್ಲ. ನೀನು ಹತ್ತಿರ ಬರುವಷ್ಟರಲ್ಲಿ ನನ್ನ ಬಾಯಿ ಒಣಗಿತ್ತು.

ಒಂದು ಮಾತು, ಬುದ್ಧಿವಾದ ಅಲ್ಲ. ದುಡ್ಡು ಕೊಟ್ಟರೆ ಕೆಲಸ ತೋರಿಸ್ತೀವಿ ಅನ್ನುವ ಕನ್ಸಲ್ಟೆನ್ಸಿಗಳ ಹತ್ತಿರ ಸುಳಿಯಬೇಡ. ವೀಸಾ ಉಳಿಸಲಿಕ್ಕೆ ಅಂತ ಯಾವುದೋ ಕಾಲೇಜು ಸೇರಬೇಡ. ನೀನು ಅಮೆರಿಕಕ್ಕೆ ಹೋದ ವರ್ಷವೇ ಪೇಪರಲ್ಲಿ ಬಂದಿತ್ತಲ್ಲ, ಮಿಷಿಗನ್‌ನ ಫಾರ್ಮಿಂಗ್ಟನ್ ಯೂನಿವರ್ಸಿಟಿ? ಅಲ್ಲಿನ ಸರ್ಕಾರದವರೇ ಬಲೆ ಹಾಕಲು ತೆರೆದ ಸುಳ್ಳು ಕಾಲೇಜು. ನೂರಕ್ಕೂ ಜಾಸ್ತಿ ನಮ್ಮ ಮಕ್ಕಳು ಸಿಕ್ಕಿಬಿದ್ದರು. ಮನೆ ಬಾಡಿಗೆ ಕರಾರು ಈಗಲೇ ನೋಡು. ಜುಲೈಗೆ ನಿನ್ನ ಕೆಲಸದ ಅನುಮತಿಯ ಅವಧಿ ಮುಗಿದ ಮೇಲೆ ಅಲ್ಲಿರೋಕೆ 60 ದಿನ ಅಷ್ಟೇ, ಕೊನೇ ದಿನದವರೆಗೂ ಕಾಯಬೇಡ. ರಾತ್ರಿ ಊಟ ಬಿಡಬೇಡ. ಸರಿ, ಬುದ್ಧಿವಾದವೇ ಆಯ್ತು.

ಸಾಲದ ಮುಕ್ಕಾಲು ನೀನೇ ತೀರಿಸಿದ್ದೀಯ. ಕೊಬ್ಬರಿ ಮಂಡಿಯಲ್ಲಿ ಎಲ್ಲರ ಮುಂದೆ ಹೇಳಿಕೊಂಡು ತಿರುಗಿದ್ದೀನಿ. ನಿನ್ನ ಮುಂದೆ ಮಾತ್ರ ಒಂದು ದಿನವೂ ಹೇಳಲಿಲ್ಲ.

ಕಂಪನಿಯವರು ಟೊರೊಂಟೊಗೆ ಕಳಿಸಬಹುದು, ಅಲ್ಲಿ ಒಂದು ವರ್ಷ ದುಡಿದರೆ ಎಲ್-1 (ಕಂಪನಿ ತನ್ನದೇ ಹೊರದೇಶದ ಆಫೀಸಿನವರನ್ನು ಕರೆಸಿಕೊಳ್ಳೋ ವೀಸಾ) ಮೇಲೆ ವಾಪಸ್ ಕರೆಸಿಕೊಳ್ಳೋ ದಾರಿ ಇದೆ ಅಂತ ಅಮ್ಮನಿಗೆ ಹೇಳಿದ್ದೀಯಂತೆ. ನನಗೂ ಹೇಳು. ಮಧ್ಯೆ ಬಾಯಿ ಹಾಕಲ್ಲ.

ಅಮ್ಮ ಚಟ್ನಿಪುಡಿ ಮಾಡಿಟ್ಟಿದ್ದಾಳೆ. ಯಾವ ವಿಳಾಸಕ್ಕೆ ಕಳಿಸಲಿ?

ಅಪ್ಪ