ತೊಗಟೆ ತೊಟ್ಟಿ ಕಟ್ಟಿಸಿ ಸ್ವಾಮಿ: ವೃಷಭಾವತಿ ದಡದಿಂದ ನಮ್ಮ ಶಾಸಕರಿಗೆ ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ ನಮಸ್ಕಾರಗಳು.

ಇದು ನಾನು ತಮಗೆ ಬರೆಯುತ್ತಿರುವ ಐದನೇ ಪತ್ರ. ಮೊದಲ ನಾಲ್ಕನ್ನು ತಮ್ಮ ಕಚೇರಿಗೆ ಕೈಯಾರೆ ಕೊಟ್ಟು ಸೀಲು ಹಾಕಿಸಿಕೊಂಡು ಬಂದೆ. ಒಂದಕ್ಕೂ ಉತ್ತರ ಬರಲಿಲ್ಲ. ಹಾಗಾಗಿ ಇದನ್ನು ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ. ಕೇಳುವುದು ಒಂದೇ. ಲೋಹಕ್ಕೆ ಲೇಪ ಹಾಕುವ ಸಣ್ಣ ಕಾರ್ಖಾನೆಗಳ ನೀರು ಚರಂಡಿಗೆ ಬೀಳುವ ಮೊದಲು ಮರದ ತೊಗಟೆ ತುಂಬಿದ ತೊಟ್ಟಿಯಲ್ಲಿ ಹಾದು ಬರಲಿ. ಒಂದೇ ಒಂದು ಕಡೆ, ಆರು ತಿಂಗಳು, ಪ್ರಯೋಗಕ್ಕಾದರೂ ಮಾಡಿಸಿ.

ಬೆಂಗಳೂರಿನ ಬಸವನಗುಡಿಯಲ್ಲಿ, ದೊಡ್ಡ ಬಸವಣ್ಣನ ಪಾದದ ಬಳಿ ಹುಟ್ಟುತ್ತಾಳೆ ಎಂದು ನಮ್ಮ ಹಿರಿಯರು ಕೈಮುಗಿಯುತ್ತಿದ್ದ ಹೊಳೆ ಈ ವೃಷಭಾವತಿ. ಕೆಂಗೇರಿ ದಾಟಿ ನಮ್ಮ ಕಡೆ ಬರುವಷ್ಟರಲ್ಲಿ ನೊರೆ ಕಟ್ಟಿರುತ್ತದೆ. ಮುಂದೆ ಇದು ಅರ್ಕಾವತಿಗೆ, ಅರ್ಕಾವತಿ ಕಾವೇರಿಗೆ. ಈ ನೀರು ಬಿಟ್ಟರೆ ನಮಗೆ ಬೇರೆ ನೀರಿಲ್ಲ. ಇದರಲ್ಲೇ ಸೀಮೆಹುಲ್ಲು ಬೆಳೆದು ನಾಲ್ಕು ಹಸು ಸಾಕಿ ಡೇರಿಗೆ ಹಾಲು ಹಾಕುತ್ತೇನೆ. ಹುಲ್ಲಿಗೆ ನೀರು ಕಟ್ಟಿ ಬಂದ ದಿನ ಮೊಣಕಾಲಿನ ಕೆಳಗೆ ರಾತ್ರಿಯೆಲ್ಲ ಕೆರೆತ. ಹೆಂಡತಿಯ ಅಂಗೈ ಬಿರಿದು ಹಾಲು ಕರೆಯುವಾಗ ರಕ್ತ ಒಸರುತ್ತದೆ. ಎರಡು ವರ್ಷದಲ್ಲಿ ಮೂರು ಸಲ ಹಸು ಕಂದು ಹಾಕಿತು. ಇದೆಲ್ಲ ಯಾವುದರಿಂದ ಎಂದು ಕೇಳಿದರೆ ಪಶುವೈದ್ಯರು ನೀರಿನ ವರದಿ ತನ್ನಿ ಅನ್ನುತ್ತಾರೆ.

ಆ ವರದಿಯ ಕಥೆಯನ್ನು ತಾವು ಕೇಳಲೇಬೇಕು.

ಮೂರನೇ ಅರ್ಜಿ ಕೊಟ್ಟ ಮೇಲೆ ಒಂದು ದಿನ ಒಬ್ಬರು ಬೈಕಿನಲ್ಲಿ ಬಂದರು. ಮಾದರಿ ತೆಗೆಯಬೇಕು, ಬಾಟಲಿ ಇದೆಯಾ ಎಂದು ನನ್ನನ್ನೇ ಕೇಳಿದರು. ಮನೆಯಲ್ಲಿ ಮೊಮ್ಮಗಳು ಮಾವಿನಹಣ್ಣಿನ ಜ್ಯೂಸು ಕುಡಿದಿಟ್ಟ ಬಾಟಲಿ ಇತ್ತು. ಅದನ್ನೇ ಕಾಲುವೆಯಲ್ಲಿ ಎರಡು ಸಲ ಅಲ್ಲಾಡಿಸಿ, ನೀರು ತುಂಬಿಸಿ, ಬೈಕಿನ ಹ್ಯಾಂಡಲಿಗೆ ಕವರಿನಲ್ಲಿ ನೇತು ಹಾಕಿಕೊಂಡು ಹೋದರು. ಲೋಹ ಪರೀಕ್ಷೆಗೆ ಹೋಗುವ ನೀರನ್ನು ಆಮ್ಲದಲ್ಲಿ ತೊಳೆದ ಬಾಟಲಿಗೆ ಹಿಡಿದು, ಲೋಹ ಬಾಟಲಿಯ ಗೋಡೆಗೆ ಅಂಟದ ಹಾಗೆ ನೈಟ್ರಿಕ್ ಆಮ್ಲ ಹಾಕಬೇಕು ಎಂಬುದು ತಮಗೂ ತಮ್ಮ ಅಧಿಕಾರಿಗಳಿಗೂ ಗೊತ್ತಿರುವ ನಿಯಮ. ಹನ್ನೊಂದು ತಿಂಗಳ ಮೇಲೆ ವರದಿ ಬಂತು. ನೀರಿನ ಹುಳಿ ಅಳೆಯುವ ಪಿಎಚ್ ಇತ್ತು, ಗಡಸುತನ ಇತ್ತು, ಕ್ಲೋರೈಡು, ನೈಟ್ರೇಟು ಇತ್ತು. ಸೀಸ, ಕ್ರೋಮಿಯಂ, ಕ್ಯಾಡ್ಮಿಯಂ, ನಿಕ್ಕಲ್ ಎಂದು ಅಚ್ಚಾಗಿದ್ದ ನಾಲ್ಕು ಸಾಲಿನ ಎದುರು ಪೆನ್ನಿನಲ್ಲಿ ಎಳೆದ ಅಡ್ಡಗೆರೆ. ಕೆಳಗೆ, "ನೀರು ವ್ಯವಸಾಯಕ್ಕೆ ಯೋಗ್ಯವಾಗಿದೆ."

ನಾವು ಕೇಳಿದ್ದೇ ಆ ನಾಲ್ಕು ಸಾಲು ಸ್ವಾಮಿ. ಅಳೆಯದೆ ಯೋಗ್ಯ ಅಂತ ಬರೆದರಲ್ಲ, ಆ ಕೈ ನಮ್ಮ ಹುಲ್ಲಿನ ಗದ್ದೆಯಲ್ಲಿ ಒಂದು ಗಂಟೆ ನೀರು ಕಟ್ಟಿ ನೋಡಲಿ. ಆ ಕಾಗದವನ್ನು ಪ್ಲಾಸ್ಟಿಕ್ ಹಾಳೆಯೊಳಗೆ ಇಟ್ಟುಕೊಂಡಿದ್ದೇನೆ, ತೆಗೆದಾಗಲೆಲ್ಲ ಕೈ ನಡುಗುತ್ತದೆ.

ಇನ್ನು ತೊಗಟೆಯ ವಿಷಯ. ಅದನ್ನು ನಾನು ಎಲ್ಲೋ ಕೇಳಿ ಬಂದು ಹೇಳುತ್ತಿಲ್ಲ. ನಮ್ಮ ಅಪ್ಪ ಚರ್ಮ ಹದ ಮಾಡುತ್ತಿದ್ದರು. ಕಪಿಲೆ ಬಾವಿಗೆ ಬೇಕಾದ ತೊಗಲಿನ ಚೀಲ, ಎತ್ತಿನ ಮಿಣಿ, ಚಪ್ಪಲಿ ಎಲ್ಲ ನಮ್ಮ ಕೇರಿಯಿಂದಲೇ ಊರಿಗೆ ಹೋಗಬೇಕಿತ್ತು. ಮನೆ ಹಿಂದೆ ತೊಗಟೆ ತೊಟ್ಟಿ, ಅದರಲ್ಲಿ ತಂಗಡಿ ತೊಗಟೆ, ಕರಿಜಾಲಿ ತೊಗಟೆ ಕೊಳೆಹಾಕಿದ ಕೆಂಪು ನೀರು. ಆ ತೊಟ್ಟಿಗೆ ಕಬ್ಬಿಣ ಮುಟ್ಟಿಸಬಾರದು. ನನಗೆ ಎಂಟು ವರ್ಷ ಇದ್ದಾಗ ಆಡುತ್ತಾ ಕುಡುಗೋಲು ಅದರೊಳಗೆ ಬೀಳಿಸಿ, ಹೆದರಿ ಯಾರಿಗೂ ಹೇಳಲಿಲ್ಲ. ಬೆಳಗ್ಗೆ ನೋಡಿದರೆ ನೀರೆಲ್ಲ ಮಸಿ. ಚರ್ಮದ ಮೇಲೆ ಕುಡುಗೋಲಿನ ಆಕಾರಕ್ಕೇ ಕಪ್ಪು ಕಲೆ. ಅಪ್ಪ ಬೆನ್ನಿಗೆ ಎರಡು ಬಿಟ್ಟರು, ಆಮೇಲೆ ಕೂರಿಸಿಕೊಂಡು, "ತೊಗಟೆ ಲೋಹ ಕಂಡ್ರೆ ಬಿಡಲ್ಲ ಕಣ್ಲಾ, ಅಂಟ್ಕೊಂಡ್ರೆ ಅಂಟ್ಕೊಂಡಂಗೇ" ಅಂದರು.

ಅಪ್ಪ ಹೇಳಿದ್ದನ್ನೇ ವಿಜ್ಞಾನಿಗಳು ಬೇರೆ ಮಾತಿನಲ್ಲಿ ಹೇಳಿದ್ದಾರೆ. ತೊಗಟೆಯಲ್ಲಿ ಟ್ಯಾನಿನ್ ಎಂಬ ಒಗರು ಪದಾರ್ಥ ಇದೆ, ನೀರಿನಲ್ಲಿ ಕರಗಿದ ಸೀಸ, ತಾಮ್ರ, ಕ್ಯಾಡ್ಮಿಯಂ ಅದಕ್ಕೆ ಕಚ್ಚಿಕೊಳ್ಳುತ್ತವೆ. ಅಮೆರಿಕದ ಸಂಶೋಧಕರು ರೆಡ್‌ವುಡ್ ಮರದ ತೊಗಟೆಯಿಂದ ಲೋಹ ಹಿಡಿಯಬಹುದು ಎಂದು ಪ್ರಕಟಿಸಿದ್ದು 1974ರಲ್ಲಿ. ನಮ್ಮ ಜಲ ಕಾಯ್ದೆ ಬಂದದ್ದೂ ಅದೇ ವರ್ಷ. 2006ರಲ್ಲಿ ದೆಹಲಿಯ ಐಐಟಿಯವರು ನೀಲಗಿರಿ ತೊಗಟೆಯಿಂದ ಕಾರ್ಖಾನೆ ನೀರಿನ ಕ್ರೋಮಿಯಂ ತೆಗೆದು ತೋರಿಸಿದರು. ಆ ಕೆಲಸ ಚೆನ್ನಾಗಿ ನಡೆಯುವುದು ನೀರು ತುಂಬಾ ಹುಳಿ ಇದ್ದಾಗ, ಅಂದರೆ ಪಿಎಚ್ 2ರ ಆಸುಪಾಸಿನಲ್ಲಿ. ಅದಕ್ಕೇ ಹೊಳೆಗೆ ಬಂದು ಕಕ್ಕಸು ನೀರಿನೊಂದಿಗೆ ಬೆರೆತ ಮೇಲೆ ಏನು ಮಾಡಿದರೂ ದಂಡ. ಕ್ರೋಮಿಯಂ ಅನ್ನು, ಲೇಪ ಹಾಕುವ ತೊಟ್ಟಿಯಿಂದ ಅದು ಹೊರಗೆ ಬರುವ ಜಾಗದಲ್ಲೇ ತಡೆಯಬೇಕು. ತೊಟ್ಟಿ ಅಲ್ಲೇ ಕಟ್ಟಿಸಿ ಎಂದು ನಾನು ಬಡಿದುಕೊಳ್ಳುವುದು ಈ ಕಾರಣಕ್ಕೆ.

ತೊಗಟೆಗೆ ಜೀವಂತ ಮರದ ಮೈ ಸುಲಿಯಬೇಕಾಗಿಲ್ಲ. ನಮ್ಮ ಸುತ್ತ ನೀಲಗಿರಿ ಕಡಿದು ಲಾರಿಗೆ ಹೇರುವವರು ತೊಗಟೆಯನ್ನು ಹೊಲದಲ್ಲೇ ರಾಶಿ ಹಾಕಿ ಬೆಂಕಿ ಇಡುತ್ತಾರೆ. ಸಾಮಿಲ್ಲಿನವರು ಕೊಂಡೊಯ್ಯಿರಿ ಸಾಕು ಅನ್ನುತ್ತಾರೆ.

ತೊಡಕೇ ಇಲ್ಲ ಅಂತಲ್ಲ. ಹಸಿ ತೊಗಟೆ ಬಣ್ಣ ಬಿಡುತ್ತದೆ, ಮೊದಲೇ ತೊಳೆದು ಹದ ಮಾಡಿಕೊಳ್ಳಬೇಕು. ಲೋಹ ತುಂಬಿಕೊಂಡ ಮೇಲೆ ಬದಲಾಯಿಸಬೇಕು. ತೆಗೆದ ತೊಗಟೆಯನ್ನು ಯಾರೂ ಒಲೆಗೆ ಹಾಕಬಾರದು, ಗೊಬ್ಬರದ ಗುಂಡಿಗೂ ಹಾಕಬಾರದು. ಅದು ವಿಷ, ದಾಬಸ್‌ಪೇಟೆಯಲ್ಲಿರುವ ಅಪಾಯಕಾರಿ ತ್ಯಾಜ್ಯದ ಗುಂಡಿಗೇ ಹೋಗಬೇಕು. ರಾಯಚೂರು, ಯಾದಗಿರಿ ಕಡೆಯ ನೀರಿನಲ್ಲಿರುವ ಆರ್ಸೆನಿಕ್ ಎಂಬ ವಿಷಕ್ಕೆ ಬರೀ ತೊಗಟೆ ಸಾಲದು, ಅದರ ಗುಣವೇ ಬೇರೆ. ಇವನ್ನೆಲ್ಲ ಸೇರಿಸಿಯೇ ಅರ್ಜಿಯಲ್ಲಿ ಬರೆದಿದ್ದೆ.

ಜನಸಂಪರ್ಕ ಸಭೆಯಲ್ಲಿ ಆ ಅರ್ಜಿ ಓದುವಾಗ ತಮ್ಮ ಪಕ್ಕದಲ್ಲಿದ್ದ ಎಂಜಿನಿಯರು ಮೈಕಿನಲ್ಲೇ, "ಏನ್ ಯಜಮಾನ್ರೇ, ಹೊಳೆಗೆ ಕಷಾಯ ಕಾಸ್ತೀರಾ?" ಅಂದರು. ಸಭೆ ನಕ್ಕಿತು. ತಾವೂ ನಕ್ಕಿರಿ. ನಾನು ಕೂತುಕೊಂಡೆ. ನಮ್ಮ ಅಪ್ಪನ ಕೈ ಸಾಯುವವರೆಗೂ ತೊಗಟೆಯ ಕೆಂಪು ಬಿಟ್ಟಿರಲಿಲ್ಲ. ಆ ಕೈಯನ್ನು ಮುಟ್ಟದ ಊರು ಅದು ಹದ ಮಾಡಿದ ಚಪ್ಪಲಿ ಮೆಟ್ಟಿಕೊಂಡು ಓಡಾಡಿತು. ಇವತ್ತು ಆ ಕೈಯ ವಿದ್ಯೆ ಊರಿನ ನೀರಿಗೆ ಆದೀತು ಅಂದರೆ ನಗು ಬರುತ್ತದೆಯೇ? ಇದನ್ನು ಬರೆಯದೆ ಇರಲು ನನ್ನಿಂದ ಆಗಲಿಲ್ಲ, ಕ್ಷಮಿಸಿ.

ತಾವು ಅವತ್ತು ಕೊಟ್ಟ ಉತ್ತರ ಶುದ್ಧ ಕುಡಿಯುವ ನೀರಿನ ಘಟಕ. ಬಂತು, ನಿಜ. ಐದು ರೂಪಾಯಿಗೆ ಇಪ್ಪತ್ತು ಲೀಟರ್ ಕೊಡುತ್ತದೆ. ನಮ್ಮ ಹಸು ಕುಡಿಯುವುದು ಹೊಳೆ ನೀರು. ಹುಲ್ಲು ಕುಡಿಯುವುದೂ ಅದೇ. ಘಟಕ ಸೋಸಿ ಬಿಟ್ಟ ಕೊಳೆ ನೀರು ಇನ್ನಷ್ಟು ಗಟ್ಟಿಯಾಗಿ ಅದೇ ಚರಂಡಿಗೆ ಹೋಗುತ್ತಿದೆ.

ಕಾನೂನು ತಮಗೆ ಗೊತ್ತು. ಜಲ ಕಾಯ್ದೆಯ 24ನೇ ಕಲಂ ಹೊಳೆಗೆ ವಿಷ ಬಿಡಬಾರದು ಅನ್ನುತ್ತದೆ. ಕಾರ್ಖಾನೆ ಹೊರಗೆ ಬಿಡುವ ನೀರಿನಲ್ಲಿ ಹೆಕ್ಸಾವೇಲೆಂಟ್ ಎಂಬ ಹೆಚ್ಚು ವಿಷದ ಬಗೆಯ ಕ್ರೋಮಿಯಂ ಲೀಟರಿಗೆ 0.1 ಮಿಲಿಗ್ರಾಂ ದಾಟಬಾರದು. ಕುಡಿಯುವ ನೀರಿನಲ್ಲಿ ಸೀಸ 0.01 ಮಿಲಿಗ್ರಾಂ, ಅಷ್ಟೇ. ದೊಡ್ಡ ಕಾರ್ಖಾನೆಗೆ ಸ್ವಂತ ಶುದ್ಧೀಕರಣ ಘಟಕ ಇಡುವ ಶಕ್ತಿ ಇದೆ. ಒಂದು ಶೆಡ್ಡಿನಲ್ಲಿ ಐದು ಜನ ಇಟ್ಟುಕೊಂಡು ನಲ್ಲಿಗೆ, ಬೋಲ್ಟಿಗೆ ಹೊಳಪು ಕೊಡುವವನಿಗೆ ಇಲ್ಲ. ಅವನು ರಾತ್ರಿ ಹೊತ್ತು ಚರಂಡಿಗೆ ಸುರಿಯುತ್ತಾನೆ. ಅವನ ಹೊಟ್ಟೆಗೆ ಹೊಡೆಯಿರಿ ಎಂದು ನಾನು ಕೇಳುತ್ತಿಲ್ಲ. ಅಂಥ ಹತ್ತು ಶೆಡ್ಡಿಗೆ ಸೇರಿ ಒಂದು ತೊಗಟೆ ತೊಟ್ಟಿ ಕಟ್ಟಿಸಿ ಎನ್ನುತ್ತಿದ್ದೇನೆ.

ತೊಟ್ಟಿಗೆ ಬರುವ ನೀರನ್ನೂ ತೊಟ್ಟಿಯಿಂದ ಹೋಗುವ ನೀರನ್ನೂ ಸರಿಯಾದ ಬಾಟಲಿಯಲ್ಲಿ ಹಿಡಿದು, ಆ ನಾಲ್ಕು ಲೋಹವನ್ನು ಅಳೆಸಿ, ಲೆಕ್ಕವನ್ನು ಪಂಚಾಯಿತಿ ಬೋರ್ಡಿನಲ್ಲಿ ಅಂಟಿಸಿ. ಆರು ತಿಂಗಳಲ್ಲಿ ಲೋಹ ಇಳಿಯದಿದ್ದರೆ ತೊಟ್ಟಿ ಒಡೆಸಿ ಬಿಡಿ, ಮತ್ತೆ ನಿಮ್ಮ ಬಾಗಿಲಿಗೆ ಬರುವುದಿಲ್ಲ. ಮೊದಲ ತೊಟ್ಟಿಗೆ ಬೇಕಾದ ತೊಗಟೆ ನಾನು ಕೊಡುತ್ತೇನೆ. ಹನ್ನೆರಡು ಮೂಟೆ ಒಣಗಿಸಿ ಕೊಟ್ಟಿಗೆಯ ಅಟ್ಟದ ಮೇಲೆ ಇಟ್ಟಿದ್ದೇನೆ. ಟೆಂಪೋ ಕಳಿಸಿ.

ಇಂತಿ ತಮ್ಮ ವಿಶ್ವಾಸಿ,
ವೃಷಭಾವತಿ ದಡದಲ್ಲಿ ಹಸು ಸಾಕುವ ಒಬ್ಬ ಮತದಾರ