ಫೋಟೊ ತೆಗೆಯದ ದಿನಗಳಲ್ಲೂ ಬಂದವರಿಗೆ

ನಮ್ಮ ಪ್ರೌಢಶಾಲೆಯ ಇಂಟರಾಕ್ಟ್ ಕ್ಲಬ್‌ನ ಈ ಸಾಲಿನ ಚಟುವಟಿಕೆಗಳು ಮುಗಿದು, ಹೊಸ ಪದಾಧಿಕಾರಿಗಳಿಗೆ ಜವಾಬ್ದಾರಿ ವಹಿಸಿಕೊಟ್ಟಾಗಿದೆ. ಸಮಾರೋಪದಲ್ಲಿ ವಂದನಾರ್ಪಣೆಗೆ ಸಿಕ್ಕಿದ ಸಮಯ ವೇದಿಕೆಯಲ್ಲಿದ್ದ ಗಣ್ಯರ ಹೆಸರು ಹೇಳುವಷ್ಟರಲ್ಲೇ ಮುಗಿದುಹೋಯಿತು. ಕ್ಲಬ್‌ನ ಮಾರ್ಗದರ್ಶಕ ಶಿಕ್ಷಕಿಯಾಗಿ ನಾನು ಹೇಳಲೇಬೇಕಾಗಿದ್ದ ಎಷ್ಟೋ ಮಾತುಗಳು ಬಾಕಿ ಉಳಿದವು. ವರ್ಷದ ವರದಿಯಲ್ಲಿ ಚೆಂದದ ಫೋಟೊಗಳಿವೆ. ಆದರೆ ಫೋಟೊ ತೆಗೆಯಲು ಯಾರೂ ಇಲ್ಲದ ದಿನಗಳಲ್ಲಿ ಬಂದು ದುಡಿದವರು ಅದರಲ್ಲಿ ಕಾಣಸಿಗುವುದಿಲ್ಲ. ಈ ಬರಹ ಮುಖ್ಯವಾಗಿ ಅವರಿಗೆ.

12ರಿಂದ 18 ವರ್ಷದವರಿಗಾಗಿ ರೋಟರಿ ಪ್ರಾಯೋಜಿಸುವ ಈ ಕ್ಲಬ್‌ಗಳಲ್ಲಿ ಮೊದಲನೆಯದು 1962ರಲ್ಲಿ ಅಮೆರಿಕದ ಫ್ಲಾರಿಡಾ ರಾಜ್ಯದ ಒಂದು ಹೈಸ್ಕೂಲಿನಲ್ಲಿ ಶುರುವಾಯಿತು. ವರ್ಷಕ್ಕೆ ಕನಿಷ್ಠ ಎರಡು ಯೋಜನೆಗಳನ್ನು ನಡೆಸಬೇಕು. ಒಂದು ಶಾಲೆಗೋ ಸಮುದಾಯಕ್ಕೋ ನೆರವಾಗುವಂಥದ್ದು, ಇನ್ನೊಂದು ದೇಶ ದೇಶಗಳ ನಡುವೆ ತಿಳಿವಳಿಕೆ ಬೆಳೆಸುವಂಥದ್ದು. ಯಾವ ಕೆಲಸ, ಯಾರಿಗಾಗಿ, ಹೇಗೆ ಎಂಬುದನ್ನೆಲ್ಲ ಮಕ್ಕಳೇ ನಿರ್ಧರಿಸುತ್ತಾರೆ. ಈ ಸ್ವಾತಂತ್ರ್ಯವನ್ನು ನಮ್ಮ ಮಕ್ಕಳು ಎಷ್ಟು ಜವಾಬ್ದಾರಿಯಿಂದ ಬಳಸಿಕೊಂಡರು ಎಂಬುದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಮೊದಲ ಸಭೆಯಲ್ಲೇ ದೃಷ್ಟಿದೋಷವಿರುವ ವಿದ್ಯಾರ್ಥಿಗಳಿಗಾಗಿ ಏನಾದರೂ ಮಾಡಬೇಕೆಂಬ ಮಾತು ಬಂತು. ಬಟ್ಟೆ ಕೊಡೋಣ, ಬ್ಯಾಗ್ ಕೊಡೋಣ ಎಂದು ಚರ್ಚೆ ನಡೆದಿರುವಾಗ ಒಂಬತ್ತನೇ ತರಗತಿಯ ಒಬ್ಬ ಹುಡುಗಿ ಎದ್ದು ನಿಂತು, "ಅವರಿಗೆ ಏನು ಬೇಕು ಅಂತ ಅವರನ್ನೇ ಕೇಳಬಹುದಲ್ಲವಾ ಟೀಚರ್?" ಎಂದಳು. ಆ ಪ್ರಶ್ನೆಗೆ ನಾನು ಈಗಲೂ ಋಣಿ. ಇಡೀ ವರ್ಷದ ಕೆಲಸಕ್ಕೆ ದಾರಿ ತೋರಿದ್ದು ಅದೇ.

ಕೇಳಿದಾಗ ಬಂದ ಉತ್ತರ ಸ್ಪಷ್ಟವಾಗಿತ್ತು. ಪಠ್ಯಪುಸ್ತಕಗಳು ಬ್ರೈಲ್‌ನಲ್ಲಿ ಹೇಗೋ ದೊರೆಯುತ್ತವೆ, ಉಳಿದ ಅಭ್ಯಾಸ ಪುಸ್ತಕಗಳು ದೊರೆಯುವುದಿಲ್ಲ. ಅವನ್ನು ಓದಿ ಧ್ವನಿಮುದ್ರಿಸಿ ಕೊಡಿ. ಹಾಗೆ ವಾರಕ್ಕೊಮ್ಮೆ ಶಾಲೆ ಬಿಟ್ಟ ಮೇಲೆ ಸಂಗೀತದ ಕೋಣೆಯಲ್ಲಿ ಓದು ಆರಂಭವಾಯಿತು. ಫ್ಯಾನ್ ಹಾಕಿದರೆ ಸದ್ದು, ಕಿಟಕಿ ತೆರೆದರೆ ಮೈದಾನದ ಗಲಾಟೆ. ಎರಡೂ ಇಲ್ಲದೆ ಆ ಸೆಕೆಯಲ್ಲಿ ಕುಳಿತು ಓದಿದ ಮಕ್ಕಳಿಗೆ ಮೊದಲ ವಂದನೆ. ಎರಡನೆಯದು, ಕೇಳಿಸಿಕೊಂಡು ತಿದ್ದಿದ ಆ ವಿದ್ಯಾರ್ಥಿಗಳಿಗೆ. ಮೊದಲ ಧ್ವನಿಮುದ್ರಣ ಕೇಳಿದ ಹುಡುಗನೊಬ್ಬ ನೇರವಾಗಿಯೇ ಹೇಳಿದ: "'ಚಿತ್ರದಲ್ಲಿ ತೋರಿಸಿರುವಂತೆ' ಅಂತ ಓದಿ ಮುಂದೆ ಹೋಗಬೇಡಿ. ಚಿತ್ರದಲ್ಲಿ ಏನಿದೆ ಅಂತ ಹೇಳಿ."

ರೇಖಾಗಣಿತದ ಚಿತ್ರವನ್ನು ಬಾಯಲ್ಲಿ ಹೇಳುವುದು ಎಷ್ಟು ಕಷ್ಟವೆಂದು ಹೇಳಿ ನೋಡಿದವರಿಗೇ ಗೊತ್ತು. ನಮ್ಮ ಮಕ್ಕಳು ಅದಕ್ಕೊಂದು ಉಪಾಯ ಕಂಡುಕೊಂಡರು. ಒಬ್ಬರು ಪುಸ್ತಕ ಹಿಡಿದು ಚಿತ್ರವನ್ನು ವಿವರಿಸುವುದು, ಇನ್ನೊಬ್ಬರು ಪುಸ್ತಕಕ್ಕೆ ಬೆನ್ನು ಹಾಕಿ ಕುಳಿತು, ಕೇಳಿದ್ದನ್ನಷ್ಟೇ ನಂಬಿ ಕಾಗದದ ಮೇಲೆ ಬಿಡಿಸುವುದು. "ಎ-ಬಿ-ಸಿ ತ್ರಿಭುಜ. ಪಾದ ಬಿ-ಸಿ ಅಡ್ಡಲಾಗಿದೆ, ಬಿ ಎಡತುದಿಯಲ್ಲಿ, ಸಿ ಬಲತುದಿಯಲ್ಲಿ. ಮೇಲಿನ ಶೃಂಗ ಎ. ಅಲ್ಲಿಂದ ಪಾದಕ್ಕೆ ಎಳೆದ ಲಂಬವು ಡಿ ಬಿಂದುವಿನಲ್ಲಿ ಸೇರುತ್ತದೆ. ಡಿ ಬಿಂದು ಸಿಗಿಂತ ಬಿಗೆ ಹತ್ತಿರ." ಬಿಡಿಸಿದ ಚಿತ್ರ ಪುಸ್ತಕದ ಚಿತ್ರಕ್ಕೆ ಹೊಂದಿದರೆ ಮಾತ್ರ ಮುದ್ರಣ. ಹೊಂದದಿದ್ದರೆ ಇನ್ನೊಮ್ಮೆ, ಮತ್ತೊಮ್ಮೆ. 'ಡಿ ಬಿಂದು ಬಿಗೆ ಹತ್ತಿರ' ಎಂಬ ಒಂದು ಮಾತು ಬಿಟ್ಟುಹೋದುದಕ್ಕೆ ಇಡೀ ಚಿತ್ರ ಕೆಟ್ಟು, ಇಬ್ಬರೂ ತಲೆ ಕೆರೆದುಕೊಂಡು ಮೊದಲಿನಿಂದ ಆರಂಭಿಸಿದ ಸಂಜೆಗಳಿವೆ. ಮನೆಗೆ ಹೋಗುವ ಹೊತ್ತಾದರೂ ಅವರ ಜೊತೆ ಕುಳಿತು ಪದಗಳನ್ನು ತಿದ್ದಿಕೊಟ್ಟ ಗಣಿತ ಮೇಷ್ಟರಿಗೆ ನಾನು ಹೇಗೆ ಧನ್ಯವಾದ ಹೇಳಲಿ? ತರಗತಿಯಲ್ಲಿ ಹಿಂದಿನ ಬೆಂಚಿನಿಂದ ಎದ್ದು ಮಾತನಾಡದ ಮಗುವೂ ಇಲ್ಲಿ ಲಂಬ, ಕರ್ಣ, ಸ್ಪರ್ಶಕಗಳನ್ನು ತಡವರಿಸದೆ ವಿವರಿಸುವಂತಾಯಿತು.

ಲೂಯಿ ಬ್ರೈಲ್ ತನ್ನ ಆರು ಚುಕ್ಕಿಗಳ ಲಿಪಿಗೆ ರೂಪ ಕೊಟ್ಟದ್ದು 1824ರಲ್ಲಿ, ಹದಿನೈದರ ವಯಸ್ಸಿನಲ್ಲಿ. ಅಂದರೆ ನಮ್ಮ ಹತ್ತನೇ ತರಗತಿಯ ಮಕ್ಕಳ ವಯಸ್ಸಿನಲ್ಲಿ. ಅವನ ಜನ್ಮದಿನವಾದ ಜನವರಿ 4ರಂದು ನಮ್ಮ ಮಕ್ಕಳನ್ನು ಕೂರಿಸಿಕೊಂಡು ಆ ವಿದ್ಯಾರ್ಥಿಗಳೇ ಪಾಠ ಮಾಡಿದರು. ನಮ್ಮವರ ಬೆರಳಿಗೆ ಎಲ್ಲ ಅಕ್ಷರಗಳೂ ಒಂದೇ ಥರ ತಾಕುತ್ತಿದ್ದವು. ಬೆರಳನ್ನು ಒತ್ತದೆ ಹಗುರವಾಗಿ ಸರಿಸಬೇಕೆಂದು ಕೈ ಹಿಡಿದು ತೋರಿಸಿದ ತಾಳ್ಮೆಯ ಗುರುಗಳಿಗೆ ನಮ್ಮೆಲ್ಲರ ನಮಸ್ಕಾರ.

ರಕ್ತದಾನ ಶಿಬಿರದ ವಿಷಯ ಬೇರೆ. ಅಲ್ಲಿ ನಮಗೆ ಕಷ್ಟ ಎದುರಾದದ್ದು ಶಿಬಿರದ ಹಿಂದಿನ ಸಂಜೆ. ಜಾಗ ಕೊಡಲು ಒಪ್ಪಿದ್ದವರು ಕೊನೆ ಗಳಿಗೆಯಲ್ಲಿ ಆಗುವುದಿಲ್ಲವೆಂದರು. ದಾನಿಗಳಿಗೆ ಹೇಳಿಯಾಗಿತ್ತು, ರಕ್ತನಿಧಿಯವರ ವಾಹನವೂ ಗೊತ್ತಾಗಿತ್ತು. ಮುಖ್ಯೋಪಾಧ್ಯಾಯರು ಒಂದೇ ಮಾತಿಗೆ ಶಾಲೆಯ ಗ್ರಂಥಾಲಯವನ್ನು ಬಿಟ್ಟುಕೊಟ್ಟರು. ಗ್ರಂಥಪಾಲಕರು, ಶಾಲೆಯ ಸಹಾಯಕ ಸಿಬ್ಬಂದಿ, ಕರೆದ ಕೂಡಲೇ ಓಡಿಬಂದ ಹಳೆಯ ವಿದ್ಯಾರ್ಥಿಗಳು ಸೇರಿ ರಾತ್ರಿ ಮೇಜುಗಳನ್ನು ಸರಿಸಿ, ನೆಲ ಒರೆಸಿ, ಮಂಚಗಳಿಗೆ ಜಾಗ ಮಾಡಿದರು. ಶಿಬಿರ ಮುಗಿದ ಮೇಲೆ ಪುಸ್ತಕದ ಕಪಾಟುಗಳನ್ನು ಮತ್ತೆ ಅದೇ ಕ್ರಮದಲ್ಲಿ ನಿಲ್ಲಿಸಿದವರೂ ಅವರೇ. ಕಾರ್ಯಕ್ರಮ ಮುಗಿದ ನಂತರದ ಕೆಲಸಕ್ಕೆ ನಿಲ್ಲುವವರು ನನ್ನ ಪಾಲಿಗೆ ಬಹಳ ದೊಡ್ಡವರು.

ವಯಸ್ಸು ಸಾಲದ ಕಾರಣ ನಮ್ಮ ಮಕ್ಕಳು ರಕ್ತ ಕೊಡುವಂತಿರಲಿಲ್ಲ. ಆದರೆ ದಾನಿಗಳನ್ನು ಒಪ್ಪಿಸಿ ಕರೆತಂದವರು ಅವರು. ರಕ್ತ ಕೊಟ್ಟ ಮೇಲೆ ತಕ್ಷಣ ಎದ್ದು ಹೋಗದಂತೆ ಹತ್ತು ಹದಿನೈದು ನಿಮಿಷ ಪ್ರತಿಯೊಬ್ಬರ ಪಕ್ಕದಲ್ಲಿ ಕುಳಿತು, ತಲೆ ಸುತ್ತುತ್ತಿದೆಯೇ ಎಂದು ವಿಚಾರಿಸಿ, ಮಾತನಾಡಿಸಿ ಕಳಿಸಿದವರೂ ಅವರೇ. ಹೀಗೆ ದಾನ ಮಾಡಿದ ರಕ್ತದ ಪ್ಲೇಟ್‌ಲೆಟ್‌ಗಳು ಐದರಿಂದ ಏಳು ದಿನ ಮಾತ್ರ ಉಳಿಯುತ್ತವೆ, ಕೆಂಪು ಕಣಗಳು ಸುಮಾರು 42 ದಿನ. ಇದನ್ನು ರಕ್ತನಿಧಿಯ ತಂತ್ರಜ್ಞರು ಬಿಡಿಸಿ ಹೇಳಿದ ಮೇಲೆ ಮಕ್ಕಳು, ಮುಂದೆಯೂ ಬರಲು ಒಪ್ಪುವವರ ಪಟ್ಟಿಯನ್ನು ಅಲ್ಲೇ ಮಾಡಿಕೊಂಡರು. ಸೂಜಿಗೆ ಹೆದರುತ್ತಿದ್ದರೂ ಮಗಳ ಮಾತಿಗೆ ಕಟ್ಟುಬಿದ್ದು ಬಂದ ತಾಯಂದಿರೇ, ನಿಮಗೆ ಎಷ್ಟು ಕೈ ಮುಗಿದರೂ ಸಾಲದು.

ವೃದ್ಧಾಶ್ರಮದ ಹಿರಿಯರು ನಮಗೆ ಕೊಟ್ಟದ್ದನ್ನು ಹೇಳದಿದ್ದರೆ ಈ ಬರಹ ಅಪೂರ್ಣ. ಜೀವಮಾನವೆಲ್ಲ ಲೆಕ್ಕಪತ್ರದ ಕೆಲಸ ಮಾಡಿ ನಿವೃತ್ತರಾದ ಅಜ್ಜ ಒಬ್ಬರು ಅಲ್ಲಿದ್ದಾರೆ. ನಮ್ಮ ಖಜಾಂಚಿ ಹುಡುಗ ಒಮ್ಮೆ ಕ್ಲಬ್‌ನ ಲೆಕ್ಕದ ಪುಸ್ತಕವನ್ನು ಅಲ್ಲಿಗೇ ತಂದು ಬರೆಯುತ್ತಿದ್ದ. ಅಜ್ಜ ಕನ್ನಡಕ ಏರಿಸಿ ಪುಟ ತಿರುವಿ, ಪ್ರತಿ ಖರ್ಚಿನ ರಸೀದಿಗೂ ಕ್ರಮಸಂಖ್ಯೆ ಹಾಕಿಸಿದರು. ರಸೀದಿ ಸಿಗದ ಕಡೆ ಯಾರು, ಯಾವಾಗ, ಏತಕ್ಕೆ ಖರ್ಚು ಮಾಡಿದರೆಂದು ಬರೆಸಿ ಇಬ್ಬರ ಸಹಿ ಹಾಕಿಸಿದರು. ಅಲ್ಲಿಂದ ಮುಂದೆ ಪ್ರತಿ ತಿಂಗಳೂ ಪುಸ್ತಕ ಅವರ ಮುಂದೆ ಹೋಗಲೇಬೇಕು. ಹೋಗುವುದು ಒಂದು ದಿನ ತಡವಾದರೆ ಆಶ್ರಮದಿಂದ ಫೋನ್ ಬರುತ್ತಿತ್ತು! ಅಜ್ಜ, ನಿಮ್ಮ ಶಿಸ್ತು ಆ ಹುಡುಗನ ಕೈಬರಹದಲ್ಲೂ ಕಾಣುತ್ತಿದೆ.

ಗಿಡ ನೆಟ್ಟದ್ದು ಜೂನ್ 5ರ ಪರಿಸರ ದಿನದಂದು, ಎಲ್ಲರಂತೆ. ಅವು ಬದುಕಿರುವುದು ರಜೆಯಲ್ಲೂ ನೀರು ಹಾಕಿದ ಶಾಲೆಯ ಕಾವಲುಗಾರರಿಂದ ಮತ್ತು ಅವರಿಗೆ ಜೊತೆಯಾದ ಇಬ್ಬರು ಎಂಟನೇ ತರಗತಿ ಹುಡುಗರಿಂದ. ಬೇರೆ ದೇಶದ ಶಾಲೆಯೊಂದರ ಮಕ್ಕಳೊಂದಿಗೆ ಪತ್ರ ವ್ಯವಹಾರ ನಡೆಸಲು ನೆರವಾದ ಇಂಗ್ಲಿಷ್ ಶಿಕ್ಷಕಿಗೂ ವಂದನೆಗಳು. ಪತ್ರಗಳನ್ನು ತಿದ್ದಿದರೂ ಮಕ್ಕಳ ಮಾತಿನ ಧಾಟಿಯನ್ನು ಅವರು ಕೆಡಿಸಲಿಲ್ಲ.

ಪೋಷಕರಿಗೆ ಒಂದು ಮಾತು. ಪರೀಕ್ಷೆ ಹತ್ತಿರ ಬಂದಾಗ ನಿಮ್ಮ ಆತಂಕ ನನಗೆ ಅರ್ಥವಾಗುತ್ತಿತ್ತು. ಅಂಕಗಳ ಬಗ್ಗೆ ಚಿಂತಿಸುವುದು ತಪ್ಪಲ್ಲ, ನಾನೂ ಚಿಂತಿಸುತ್ತೇನೆ. ಹಾಗಿದ್ದರೂ ನೀವು ವಾರದ ಆ ಒಂದು ಸಂಜೆಯನ್ನು ಮಕ್ಕಳಿಗೆ ಬಿಟ್ಟುಕೊಟ್ಟಿರಿ. ಕೆಲವರು ಕರೆದೊಯ್ಯಲು ಬಂದವರು ಧ್ವನಿಮುದ್ರಣ ನಡೆಯುತ್ತಿದೆಯೆಂದು ಸದ್ದು ಮಾಡದೆ ಹೊರಗೇ ಕಾದಿರಿ. ಆ ಸಹನೆಯನ್ನು ಮರೆಯುವಂತಿಲ್ಲ.

ಶಾಲೆಯಿಂದ ಹೊರಡುತ್ತಿರುವ ಹತ್ತನೇ ತರಗತಿಯ ಮಕ್ಕಳೇ, ನಿಮ್ಮಲ್ಲಿ ಯಾರೂ ಹೇಳಿಸಿಕೊಂಡು ಕೆಲಸ ಮಾಡಿದವರಲ್ಲ. ಮಳೆ ಬಂದು ಬಸ್ಸುಗಳು ನಿಂತ ದಿನವೂ ಓದಲು ಬಂದಿರಿ. ಪೂರ್ವಸಿದ್ಧತಾ ಪರೀಕ್ಷೆಯ ವಾರದಲ್ಲೂ ಸರದಿ ತಪ್ಪಿಸಲಿಲ್ಲ. ನಿಮ್ಮ ಶಿಕ್ಷಕಿ ಎನ್ನಿಸಿಕೊಳ್ಳುವುದು ನನಗೆ ಹೆಮ್ಮೆ. ವಿಜ್ಞಾನದ ಅಭ್ಯಾಸ ಪುಸ್ತಕದಲ್ಲಿ ವಿದ್ಯುಚ್ಛಕ್ತಿಯ ಅಧ್ಯಾಯ ಇನ್ನೂ ಉಳಿದಿದೆ, ಮಂಡಲದ ಚಿತ್ರಗಳೇ ಹೆಚ್ಚು. ಫಲಿತಾಂಶ ಬರುವವರೆಗೆ ಬಿಡುವಿದೆ, ಬಂದು ಓದಿಕೊಡುತ್ತೇವೆ ಎಂದು ಮೂವರು ಆಗಲೇ ಹೆಸರು ಬರೆಸಿದ್ದೀರಿ. ಹೊಸ ಕಾರ್ಯದರ್ಶಿಯ ಕೈಗೆ ಸಂಗೀತದ ಕೋಣೆಯ ಬೀಗದ ಕೈ ಕೊಟ್ಟಿದ್ದೇನೆ. ದಿನ ಗೊತ್ತುಮಾಡಿಕೊಂಡು ಬನ್ನಿ, ನಾನೂ ಇರುತ್ತೇನೆ.